ಮಡಿ ಆಚಾರ್ರ ಬಸ್ಸು

ನನಗೆ ‘ಮಡಿ ಆಚಾರ್ರು’ ಎಂದು ಹೆಸರಿಟ್ಟವರು ಚಿತ್ತಾಪುರ ಬಸ್‌ಸ್ಟ್ಯಾಂಡಿನ ಎದುರಿಗೆ ಚಹಾ ಕುಡಿಯುತ್ತ ಕೂರುವ ಡ್ರೈವರುಗಳು. ಮನೆತನದಿಂದ ನಾನು ಆಚಾರ್ರೇ ಹೌದು. ಅಣ್ಣ ಗುಡಿಯ ಪೂಜೆ ನೋಡಿಕೊಳ್ಳುತ್ತಾನೆ, ನಾನು ಶಾಲೆಯ ಹಳದಿ ಬಸ್ಸು ಓಡಿಸುತ್ತೇನೆ. ಆದರೆ ಆ ಹೆಸರಿಗೂ ಪೂಜೆಗೂ ಸಂಬಂಧವಿಲ್ಲ. ಮುಂದಿನ ಗಾಡಿಗೆ ಅಂಟಿಕೊಂಡು ನಾನು ಹೋಗುವುದಿಲ್ಲ. ಹಿಂದಿನವನು ಅಂಟಿಕೊಂಡು ಬಂದರೆ ಬದಿಗೆ ಸರಿದು ದಾರಿ ಬಿಡುತ್ತೇನೆ. ಗಾಜು, ದೀಪ, ಕನ್ನಡಿ ಒರೆಸದೆ ಕೀಲಿ ತಿರುಗಿಸುವುದಿಲ್ಲ. ಇದನ್ನೆಲ್ಲ ನೋಡಿ ಒಬ್ಬ ಹೇಳಿದ, “ಆಚಾರ್ರ ಬಸ್ಸಿಗಿ ಯಾರೂ ಮುಟ್ಟಂಗಿಲ್ಲಪಾ, ಅದು ಮಡ್ಯಾಗ ಅದ.” ಎಲ್ಲರೂ ಬಿದ್ದು ಬಿದ್ದು ನಕ್ಕರು. ಅಲ್ಲಿಂದ ಆ ಹೆಸರು ಖಾಯಮ್ಮಾಯಿತು.

ನಗದೇ ಇದ್ದವರು ಒಬ್ಬರೇ, ನಮ್ಮ ಬಸ್ಸಿನ ಆಯಾ. ಮಕ್ಕಳನ್ನು ಹತ್ತಿಸಿ ಇಳಿಸುವ, ಹಿಂದಿನ ಗಾಜಿನ ಹತ್ತಿರ ಕೂತು ಹಿಂದೆ ಬರುವ ಗಾಡಿಗಳ ಮೇಲೆ ಕಣ್ಣಿಡುವ ಕೆಲಸ ಅವರದು. ದಂಡೋತಿಯ ಬೌದ್ಧ ಮನೆತನದ ಹೆಣ್ಣುಮಗಳು, ನನಗಿಂತ ಹಿರಿಯರು. ನಾನು ಅಕ್ಕಾ ಎನ್ನುತ್ತೇನೆ. ಒಮ್ಮೆ ದಾರಿಯಲ್ಲಿ ಯಾರೋ ಆ ಹೆಸರು ಹಿಡಿದು ಕೂಗಿದಾಗ ಅಕ್ಕ ಸುಮ್ಮನೆ ಕೂತಿದ್ದರು. ಯಾಕೆ ಎಂದು ಕೇಳಿದೆ.

“ನಮ್ಮ ಆಯಿ, ಅವ್ವನ ಅವ್ವ, ಸಣ್ಣಾಕಿ ಇದ್ದಾಗ, ಮಡೀಲೆ ಯಾರರೆ ಬಂದ್ರ ಹಾದಿ ಬಿಟ್ಟು ಹೊಲ್ದಾಗ ಇಳಿದು ನಿಂದರ್ತಿದ್ಳಂತ್ರಿ,” ಎಂದರು. “ನಗು ಹ್ಯಾಂಗ ಬರಬೇಕು ಹೇಳ್ರಿ?”

ಹೆಸರು ಇಟ್ಟವರ ಮೇಲೆ ಸಿಟ್ಟು ಬಂತು. ನನ್ನ ಮೂಗಿನ ತುದಿಯಲ್ಲಿ ಸಿಟ್ಟು ಯಾವಾಗಲೂ ಇರುತ್ತದೆ, ಆದರೆ ಈ ಸಲ ಅದರ ಜೊತೆ ನಾಚಿಕೆಯೂ ಇತ್ತು.

ನಮ್ಮ ಕಡೆ ಬೇಸಿಗೆಯ ಬಿಸಿಲಿನ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಚಳಿಗಾಲದ ರಸ್ತೆಯ ಬಗ್ಗೆ ಯಾರೂ ಮಾತಾಡುವುದಿಲ್ಲ. ನನ್ನ ಬಸ್ಸು ಹೋಗುವುದು ಕಾಗಿಣಾ ಹೊಳೆಯಾಚೆಯ ಹಳ್ಳಿಗಳಿಗೆ. ಬೆಳಿಗ್ಗೆ ಖಾಲಿ ಹೋಗಿ ಮಕ್ಕಳನ್ನು ತುಂಬಿಕೊಂಡು ಚಿತ್ತಾಪುರದ ಶಾಲೆಗೆ ಬರಬೇಕು. ಥಂಡಿ ಬಿದ್ದ ದಿನ ಹೊಳೆಯ ಮೇಲಿನ ಮಂಜು ಎದ್ದು ಸೇತುವೆಯನ್ನು ನುಂಗಿಬಿಡುತ್ತದೆ. ಅಂಥ ದಿನ ಮಾಡಬೇಕಾದ ಕೆಲಸ ದೊಡ್ಡದೇನಲ್ಲ, ಆದರೆ ತಪ್ಪದೆ ಮಾಡಬೇಕು. ಹೊರಗಿನ ಇಬ್ಬನಿಯನ್ನು ಒಣ ಬಟ್ಟೆಯಿಂದ ಒರೆಸಬೇಕು. ಒಳಗಿನ ಗಾಜಿಗೆ ಮಕ್ಕಳ ಉಸಿರು ಹತ್ತಿ ಮಬ್ಬಾಗುವುದರಿಂದ ಎರಡು ಕಿಟಕಿಯನ್ನಾದರೂ ಬೆರಳಷ್ಟು ತೆರೆದಿಡಬೇಕು. ಮಕ್ಕಳು ಚಳಿ ಎಂದು ಗೊಣಗುತ್ತವೆ, ಗೊಣಗಲಿ. ನನ್ನ ಪಕ್ಕದ ಕಿಟಕಿಯಂತೂ ಪೂರ್ತಿ ತೆರೆದೇ ಇರುತ್ತದೆ, ಯಾಕೆಂದರೆ ಮಂಜಿನಲ್ಲಿ ಎದುರಿನ ಗಾಡಿ ಮೊದಲು ಸಿಗುವುದು ಕಿವಿಗೆ. ದೊಡ್ಡ ಲೈಟು ಹಾಕಿದರೆ ಬೆಳಕು ಮಂಜಿಗೆ ಬಡಿದು ನಮ್ಮ ಕಣ್ಣಿಗೇ ವಾಪಸು ಬರುತ್ತದೆ, ಎದುರಿನವನೂ ಕುರುಡಾಗುತ್ತಾನೆ. ತಗ್ಗಿಸಿದ ಲೈಟು ಹಾಕಿಕೊಂಡು ರಸ್ತೆಯ ಎಡ ಅಂಚನ್ನು ನೋಡುತ್ತ ಹೋಗಬೇಕು.

ಇದನ್ನು ಹೇಳಿದರೆ ಕೇಳುವವರು ಯಾರು? ಶಹಾಬಾದಿನಿಂದ ನೆಲಕ್ಕೆ ಹಾಸುವ ಫರಸಿ ಕಲ್ಲು ಹೇರಿಕೊಂಡು ಬರುವ ಲಾರಿಯವನಿಗೆ ಭಾರವೇ ಧೈರ್ಯ, ಬಂದವನೇ ನಡುರಸ್ತೆ ಹಿಡಿಯುತ್ತಾನೆ. ವಾಡಿಯ ಸಿಮೆಂಟ್ ಟ್ಯಾಂಕರಿನವನು ಮಂಜಿರಲಿ ಬಿಸಿಲಿರಲಿ ದೊಡ್ಡ ಲೈಟು ತೆಗೆಯುವುದಿಲ್ಲ. ಟ್ರಾಕ್ಟರಿನವರ ಟ್ರೇಲರಿಗೆ ಹಿಂದಿನ ದೀಪವೇ ಇರುವುದಿಲ್ಲ. ಇದ್ದರೆ ಒಂದೇ ಒಂದು ಕೆಂಪು ಬಲ್ಬು, ಅದೂ ಬೈಕೋ ಟ್ರಾಕ್ಟರೋ ಗೊತ್ತಾಗದ ಹಾಗೆ.

ಇವೆಲ್ಲದರ ಮೇಲೆ ತೊಗರಿಯ ರಾಶಿ. ಕೊಯ್ದ ತೊಗರಿ ಗಿಡವನ್ನು ಡಾಂಬರಿನ ಮೇಲೆ ಹರಡುತ್ತಾರೆ. ಬಸ್ಸು, ಲಾರಿ ಅದರ ಮೇಲೆ ಓಡಾಡಿದರೆ ಕಾಯಿ ಒಡೆದು ಕಾಳು ಉದುರುತ್ತದೆ. ಸುತ್ತ ಕಲ್ಲಿಡುತ್ತಾರೆ. ಕೊನೆಗೆ ಕಾಳು ಒಯ್ಯುತ್ತಾರೆ, ಹೊಟ್ಟು ಒಯ್ಯುತ್ತಾರೆ, ಕಲ್ಲನ್ನು ಮಾತ್ರ ಅಲ್ಲೇ ಬಿಡುತ್ತಾರೆ. ಆ ಚಳಿಗಾಲದ ಮೊದಲಲ್ಲೇ, ಸಂಜೆ ಮಕ್ಕಳನ್ನು ಬಿಟ್ಟು ಖಾಲಿ ಬಸ್ಸಿನಲ್ಲಿ ಬರುವಾಗ ಅಂಥ ಒಂದು ರಾಶಿಯ ಮೇಲೆ ಹತ್ತಿದೆ. ಎದುರಿಗೆ ಎಮ್ಮೆ ಬಂತು, ಬ್ರೇಕ್ ಒತ್ತಿದೆ. ಗಾಲಿ ನಿಂತಿತು, ಬಸ್ಸು ನಿಲ್ಲಲಿಲ್ಲ. ಟಾಯರಿನ ಕೆಳಗೆ ಕಾಳು ಉರುಳಿ ಬಸ್ಸಿನ ಹಿಂಭಾಗ ಅಡ್ಡ ತಿರುಗಿ ಗಟಾರದ ಅಂಚಿಗೆ ಹೋಗಿ ನಿಂತಿತು. ಎಮ್ಮೆ ತನ್ನ ಪಾಡಿಗೆ ದಾಟಿತು.

ಮರುದಿನದಿಂದ ರಾಶಿ ಕಂಡಲ್ಲಿ ಬಸ್ಸು ನಿಲ್ಲಿಸಿದೆ. ಅರ್ಧ ರಸ್ತೆಯ ತೊಗರಿ ಎಳೆದುಕೊಂಡರೆ ಮಾತ್ರ ಮುಂದೆ ಹೋಗುತ್ತಿದ್ದೆ.

“ಎಲ್ಲಾ ಗಾಡಿ ಹೊಂಟಾವ. ನಿಮಗೊಬ್ಬರಿಗೇ ಏನಾಗ್ತದ್ರಿ ಆಚಾರ್ರೆ?” ಎಂದು ರೈತ ಕೇಳುತ್ತಿದ್ದ.

“ನನಗೇನೂ ಆಗಲ್ಲಪಾ. ಒಳಗ ಕುಂತಾರಲ್ಲ, ಅವ್ರ ಸಲುವಾಗಿ,” ಎನ್ನುತ್ತಿದ್ದೆ. ಅವನು ಬೈದುಕೊಳ್ಳುತ್ತಲೇ ತೊಗರಿ ಎಳೆಯುತ್ತಿದ್ದ.

ಹೀಗಾಗಿ ಶಾಲೆಗೆ ತಡವಾಗತೊಡಗಿತು. ಪಾಲಕರ ವಾಟ್ಸಾಪ್ ಗುಂಪಿನಲ್ಲಿ ದೂರು ಶುರುವಾಯಿತು. ಶಾಲೆಯ ಕಾರ್ಯದರ್ಶಿಗಳು ನನ್ನನ್ನು ಕರೆಸಿದರು. ಕೆಟ್ಟವರಲ್ಲ, ಆದರೆ ಗಡಿಯಾರವೇ ಅವರಿಗೆ ದೇವರು.

“ನೋಡ್ರಿ ಆಚಾರ್ರೆ, ಪರೀಕ್ಷಾ ಹತ್ರ ಬಂದಾವ. ಇನ್ನೊಂದ್ ಸಲ ಲೇಟ್ ಆದ್ರ ಹೊಳಿ ಆಚಿ ಹುಡುಗರನ್ನ ಕ್ರೂಸರಿಗಿ ಹಚ್ಚಿಬಿಡ್ತೀನಿ. ಅವ ಟೈಮಿಗಿ ಸರಿಯಾಗಿ ಬರ್ತಾನ.”

ಆ ಕ್ರೂಸರಿನವನು ನನಗೆ ಚೆನ್ನಾಗಿ ಗೊತ್ತು. ಜೀಪಿನಂಥ ಆ ಬಾಡಿಗೆ ಗಾಡಿಯಲ್ಲಿ ಅದೇ ದಾರಿಯಲ್ಲಿ ಜನರನ್ನು ತುಂಬಿಕೊಂಡು ಓಡುವ ನಗುಮುಖದ ತರುಣ. ಒಳಗೆ ಹಿಡಿಸದವರು ಹಿಂದಿನ ಏಣಿಗೆ ಜೋತಾಡುತ್ತಿರುತ್ತಾರೆ. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಸ್ಟೇರಿಂಗು. ಸೇತುವೆಯ ಮೇಲೇ ನನ್ನನ್ನು ಹಿಂದೆ ಹಾಕಿ, ಕೈ ಬೀಸಿ ಹೋಗುವುದು ಅವನ ದಿನನಿತ್ಯದ ಖುಷಿ. ನನ್ನ ಕೆಲಸ ಹೋದರೆ ಇನ್ನೊಂದು ಸಿಗುತ್ತಿತ್ತು, ಸ್ಟೇರಿಂಗ್ ಹಿಡಿಯುವವರಿಗೆ ಸೇಡಂ, ಚಿಂಚೋಳಿ ಎಲ್ಲಿ ಹೋದರೂ ಅನ್ನವಿದೆ. ಆದರೆ ಈ ಮಕ್ಕಳು ಮಂಜಿನಲ್ಲಿ ಅವನ ಗಾಡಿಯಲ್ಲಿ ಹೊಳೆ ದಾಟುವುದು ನನಗೆ ಬೇಡವಾಗಿತ್ತು.

ಪರೀಕ್ಷೆಯ ಮೊದಲ ದಿನವೇ ಮಂಜು ದಟ್ಟವಾಗಿ ಬಿತ್ತು. ಮಕ್ಕಳನ್ನು ತುಂಬಿಕೊಂಡು ಹೊಳೆಯ ಕಡೆ ಇಳಿಯುವಾಗ ಎಡ ಅಂಚೂ ಕಾಣದಾಯಿತು. ಅಕ್ಕ ಹಿಂದಿನಿಂದ ಕೂಗಿದರು, “ಹಿಂದ ಲೈಟ್ ಬಂತ್ರಿ. ಭಾಳ ಹತ್ರ ಅದ.” ನಾನು ಸರಿದೆ. ಕ್ರೂಸರು ಹಾರ್ನ್ ಹೊಡೆಯುತ್ತ ದಾಟಿ ಮಂಜಿನಲ್ಲಿ ಕರಗಿತು. ಸೇತುವೆಯ ಮೊದಲ ಕಲ್ಲು ಎಲ್ಲಿದೆ ಎಂದು ಹುಡುಕಿದೆ, ಸಿಗಲಿಲ್ಲ. ನನಗೆ ಆ ಸೇತುವೆ ಅಂಗೈಯಷ್ಟು ಗೊತ್ತು. ಗೊತ್ತು ಎಂದುಕೊಂಡೇ ಜನ ಹೊಳೆಗೆ ಬೀಳುತ್ತಾರೆ.

ಸೇತುವೆಗೆ ಮೊದಲು ಇಟ್ಟಂಗಿ ಸುಡುವ ಭಟ್ಟಿಯ ಬಯಲೊಂದಿದೆ. ಬಸ್ಸನ್ನು ಡಾಂಬರಿನಿಂದ ಪೂರ್ತಿ ಇಳಿಸಿ ಆ ಬಯಲಿನೊಳಗೆ ತಂದು ನಿಲ್ಲಿಸಿದೆ. ಮಕ್ಕಳನ್ನು ಇಳಿಸಿ ರಸ್ತೆಯಿಂದ ದೂರ, ಭಟ್ಟಿಯ ಮಗ್ಗುಲಿಗೆ ಕಳಿಸಿದೆ. ಉರಿದು ಆರುತ್ತಿದ್ದ ಭಟ್ಟಿ ಇನ್ನೂ ಬೆಚ್ಚಗಿತ್ತು. ಮಕ್ಕಳು ಕೈ ಚಾಚಿ ಕಾಯಿಸಿಕೊಳ್ಳುತ್ತ ನಿಂತವು. ನಾನು ಬಸ್ಸಿನ ದೀಪಗಳನ್ನೆಲ್ಲ ಆರಿಸಿ, ಗಾಲಿಗೆ ಇಟ್ಟಂಗಿ ಒತ್ತಿಟ್ಟು ಕೆಳಗಿಳಿದೆ.

ಅಷ್ಟರಲ್ಲಿ ಬೈಕಿನಲ್ಲಿ ಒಬ್ಬ ಪಾಲಕರು ಬಂದರು. ಚಿತ್ತಾಪುರದ ಕಚೇರಿಯೊಂದರಲ್ಲಿ ಗುಮಾಸ್ತರು, ಅವರ ಮಗಳು ನನ್ನ ಬಸ್ಸಿನಲ್ಲೇ ಬರುತ್ತಾಳೆ. ಮಕ್ಕಳ ಗದ್ದಲ ಕೇಳಿ ಗಾಡಿ ನಿಲ್ಲಿಸಿದ್ದರು.

“ಗಾಡಿ ಕೆಟ್ಟದೇನ್ರಿ?”

“ಇಲ್ರಿ. ಮಂಜು ಹರಿಯೂತನಕ ಹೊಂಡೂದಿಲ್ಲ.”

“ಇವತ್ತ ಪರೀಕ್ಷಾ ಅದ್ರಿ. ಮತ್ತ ಲೈಟ್ ಯಾಕ ಬಂದ್ ಮಾಡೀರಿ? ಯಾರಿಗಿ ಕಾಣಬೇಕು ಇದು?”

“ಯಾರಿಗೂ ಕಾಣಬಾರದು ಅಂತೇ ಬಂದ್ ಮಾಡೀನ್ರಿ. ಮಂಜಿನಾಗ ಹಿಂದಿನವ ಕೆಂಪ ದೀಪದ ಬೆನ್ನ ಹತ್ತಿ ಬರ್ತಾನ. ಇಲ್ಲಿ ದೀಪ ಕಂಡ್ರ, ರಸ್ತಾ ಇದೇ ಅಂತ ತಿಳಕೊಂಡು ಸೀದಾ ಬಂದು ಬಸ್ಸಿಗಿ ಹೊಡೀತಾನ.”

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಹಂಗೆಲ್ಲಾ ಯಾವ ಹುಚ್ಚ ಬರ್ತಾನ್ರಿ? ನನ್ನ ಮಗಳನ್ನ ಕಳಸ್ರಿ, ನಾ ಬೈಕ್ ಮ್ಯಾಲ ಕರ್ಕೊಂಡು ಹೋಗ್ತೀನಿ.”

“ಕಳಸಂಗಿಲ್ರಿ.”

“ನನ್ನ ಮಗಳ್ರಿ ಆಕಿ.”

“ಖರೇ. ಆದ್ರ ನನ್ನ ಬಸ್ ಹತ್ತಿದ ಮ್ಯಾಲ ಶಾಲಿ ಗೇಟಿನಾಗ ಇಳಸ್ತೀನಿ, ಇಲ್ಲಾ ನಿಮ್ಮ ಮನಿ ಬಾಗಲಾಗ ಇಳಸ್ತೀನಿ. ನಡಬರಕ ಈ ಮಂಜಿನಾಗ ಬೈಕಿಗಿ ಕೊಡಂಗಿಲ್ಲ. ನೀವೂ ಕುಂದ್ರಿ, ಭಟ್ಟಿ ಬೆಚ್ಚಗದ.”

ಅವರು ಕೂರಲಿಲ್ಲ. ಬಾಯಿಗೆ ಬಂದಂತೆ ಬೈದರು. ಗುಡಿಯಲ್ಲಿ ಗಂಟೆ ಬಾರಿಸುವುದು ಬಿಟ್ಟು ಈ ಉಸಾಬರಿ ನಿನಗೆ ಯಾಕೆ ಬೇಕಿತ್ತು ಎಂದರು. ನಾನು ಮಕ್ಕಳನ್ನು ಬೆನ್ನ ಹಿಂದೆ ಇಟ್ಟುಕೊಂಡು, ಗುಮಾಸ್ತರಿಗೆ ಅಡ್ಡವಾಗಿ ನಿಂತೇ ಇದ್ದೆ. ಕಾರ್ಯದರ್ಶಿಗಳ ಫೋನು ಬಂತು. “ಎಲ್ಲಿದ್ದೀರಿ? ಕ್ರೂಸರಿನವ ಬಂದು ಚಾ ಕುಡದಾನ,” ಎಂದರು. ಹೊರಡುವುದಿಲ್ಲ ಎಂದೆ. ಮತ್ತೆ ಬಂತು, ಮತ್ತೆ ಅದನ್ನೇ ಹೇಳಿದೆ. ಮೂರನೆಯ ಸಲ ಎತ್ತಲಿಲ್ಲ.

ಬಿಸಿಲು ಏರಿ ಮಂಜು ಹರಿದ ಮೇಲೆ ಹೊರಟೆವು. ಸೇತುವೆ ಖಾಲಿಯಿತ್ತು, ಒಂದು ಕಲ್ಲು ಕೂಡ ಅಡ್ಡ ಇರಲಿಲ್ಲ. ಎಲ್ಲೂ ಯಾವ ಗಾಡಿಯೂ ಬಿದ್ದಿರಲಿಲ್ಲ. ಜೋಪಾನವಾಗಿ ಗಾಡಿ ಹೊಡೆಯುವವನ ಪಾಡೇ ಇದು. ಏನೂ ಆಗದಿದ್ದರೆ, ಹೇಗಿದ್ದರೂ ಏನೂ ಆಗುತ್ತಿರಲಿಲ್ಲ ಎನ್ನುತ್ತಾರೆ. ತಪ್ಪಿಸಿದ ಅನಾಹುತವನ್ನು ತಂದು ಯಾರ ಮುಂದೆ ತೋರಿಸುವುದು? ಪರೀಕ್ಷೆ ಅರ್ಧ ಮುಗಿದಿತ್ತು. ನಮ್ಮ ಮಕ್ಕಳಿಗೆ ಬೇರೆ ದಿನ ಬರೆಸುವುದಾಗಿ ಮಾಸ್ತರರು ಹೇಳಿದರು. ಕಾರ್ಯದರ್ಶಿಗಳು ಸಿಟ್ಟಿನಲ್ಲಿ ಕೂಗಾಡಲಿಲ್ಲ, ಅದೇ ಕೆಟ್ಟದೆನಿಸಿತು.

“ನಾಳಿಂದ ಕ್ರೂಸರ್ ಹೋಗ್ತದ. ನೀವು ಮತ್ತ ಆಯಾ ಅವ್ನ ಜೋಡಿ ಹೋಗಿ ಸ್ಟಾಪ್ ಎಲ್ಲೆಲ್ಲಿ ಅಂತ ತೋರಿಸಿ ಬರ್ರಿ,” ಎಂದರು.

ಹೋಗುವುದಿಲ್ಲ ಎಂದು ಅಲ್ಲೇ ಹೇಳಬಹುದಿತ್ತು. ಆದರೆ ನಾನು ಹೋಗದಿದ್ದರೂ ಕ್ರೂಸರು ಹೋಗುತ್ತಿತ್ತು, ಮಕ್ಕಳು ಹತ್ತುತ್ತಿದ್ದವು. ಜೊತೆಗಿದ್ದು ನೋಡೋಣ ಎಂದುಕೊಂಡೆ.

ಮರುದಿನ ಬೆಳಿಗ್ಗೆಯೂ ಮಂಜು. ನಾನು ಕ್ರೂಸರಿನ ಮುಂದಿನ ಸೀಟಿನಲ್ಲಿ ಕೂತೆ. ಗಾಜಿನ ಒಳಗೆಲ್ಲ ಮಬ್ಬು. ಅವನು ಅಂಗೈಯಿಂದ ತನ್ನ ಮುಖದಷ್ಟು ಜಾಗ ಒರೆಸಿಕೊಂಡ, ಅಷ್ಟರಲ್ಲೇ ಇಣುಕುತ್ತ ಹೊರಟ. ದಂಡೋತಿಯಲ್ಲಿ ಅಕ್ಕ ಹತ್ತಿ ಹಿಂದೆ ಕೂತರು. ದೊಡ್ಡ ಲೈಟು ಉರಿಯುತ್ತಲೇ ಇತ್ತು.

“ತಮ್ಮಾ, ಲೈಟ್ ಸಣ್ಣ ಮಾಡು,” ಎಂದೆ.

“ನೀವ್ ಆರಾಮ ಕುಂದ್ರಿ ಆಚಾರ್ರೆ. ಗಾಡಿಗಿ ಹಾದಿ ಗೊತ್ತದ.”

ಸೇತುವೆ, ದಂಡೋತಿ ಎರಡೂ ಹಿಂದಾದ ಮೇಲೆ ಮುಂದೆ ಒಂದು ಕೆಂಪು ದೀಪ ಕಂಡಿತು. ಅವನಿಗೆ ಬಹಳ ಖುಷಿಯಾಯಿತು. “ನೋಡ್ರಿ, ಇನ್ನ ಚಿಂತಿಲ್ಲ. ಇವ್ನ ಬೆನ್ನ ಹಿಂದ ಗಾಡಿ ಬಿಟ್ರ ಸೀದಾ ಊರಿಗೇ,” ಎಂದು ಆ ದೀಪಕ್ಕೆ ಅಂಟಿಕೊಂಡ. ಜೇಬಿನಿಂದ ಫೋನನ್ನೂ ತೆಗೆದ. ದೂರ ಇರು ಎಂದೆ, ಕಿವಿಗೆ ಹಾಕಿಕೊಳ್ಳಲಿಲ್ಲ. ಸ್ವಲ್ಪ ಹೊತ್ತಿಗೆ ಗಾಡಿ ಕುಲುಕಾಡತೊಡಗಿತು.

“ರಸ್ತಾ ಭಾಳ ಹಾಳ್ ಮಾಡ್ಯಾರಲ್ರಿ,” ಎಂದು ಅವನು ಸರಕಾರವನ್ನು ಬೈದ.

“ತಮ್ಮಾ, ಇದು ರಸ್ತಾ ಅಲ್ಲ,” ಎನ್ನುವಷ್ಟರಲ್ಲಿ ಕೆಂಪು ದೀಪ ನಿಂತಿತು. ಇವನು ಬ್ರೇಕ್ ಒತ್ತಿ ಸ್ಟೇರಿಂಗ್ ತಿರುಗಿಸಿದ. ಕ್ರೂಸರು ಬದಿಯಲ್ಲಿದ್ದ ತೊಗರಿಯ ಬಣವೆಯೊಳಗೆ ಮೂಗು ತೂರಿಸಿ ನಿಂತಿತು. ನನ್ನ ಹಣೆ ಮುಂದಿನ ಗಾಜಿಗೆ ಬಡಿಯಿತು. ಅಕ್ಕ ಸೀಟಿನ ಕಬ್ಬಿಣ ಹಿಡಿದುಕೊಂಡಿದ್ದರಿಂದ ಉಳಿದರು. ಮುಂದೆ ಇದ್ದದ್ದು ಟ್ರಾಕ್ಟರು. ತನ್ನ ಹೊಲದ ರಾಶಿಗೆ ಅದು ರಸ್ತೆ ಬಿಟ್ಟು ತಿರುಗಿತ್ತು, ಅದರ ಒಂಟಿ ಬಲ್ಬಿನ ಬೆನ್ನು ಹತ್ತಿ ನಾವೂ ಹೊಲಕ್ಕೆ ಬಂದಿದ್ದೆವು. ಟ್ರಾಕ್ಟರಿನವನು ಇಳಿದು ಬಂದು ಟಾರ್ಚ್ ಬಿಟ್ಟು ನೋಡಿದ.

“ನಮ್ಮ ಹೊಲ್ದಾಗ ಯಾಕ ಬಂದೀರಿ?” ಎಂದು ಕೇಳಿದ.

ಕ್ರೂಸರಿನವನು ಸೀಟಿನ ಕೆಳಗೆ ಬಿದ್ದ ಫೋನು ಹುಡುಕುತ್ತಿದ್ದ. ಮುಂದಿನ ಗಾಜಿನ ತುಂಬ ತೊಗರಿ ಕಾಯಿ. ನನಗೆ ನಗು ಬರಬೇಕಿತ್ತು, ಬರಲಿಲ್ಲ. ಹಿಂದೆ ತಿರುಗಿ ಖಾಲಿ ಸೀಟುಗಳನ್ನು ನೋಡಿದೆ. ವಾಪಸು ಬರುವಾಗ ಹೀಗಾಗಿದ್ದರೆ ಅಲ್ಲಿ ಮಕ್ಕಳಿರುತ್ತಿದ್ದವು.

“ಇಳೀರಿ ಆಚಾರ್ರೆ,” ಎಂದರು ಅಕ್ಕ. “ನಡ್ಕೊಂತ ಹೋಗಮು.”

ಮೊದಲ ಊರು ಅಲ್ಲಿಂದ ದೂರವಿರಲಿಲ್ಲ. ರಸ್ತೆ ಬಿಟ್ಟು ಹೊಲದ ಬದುವಿನ ಮೇಲೆ ನಡೆದು ಹೋದೆವು. ಸ್ಟಾಪಿನಲ್ಲಿ ಮಕ್ಕಳು ಶಾಲು ಹೊದ್ದು ನಿಂತಿದ್ದವು, ತಾಯಂದಿರೂ ಇದ್ದರು, ನಿನ್ನೆ ಬೈದ ಗುಮಾಸ್ತರೂ ಮಗಳ ಕೈ ಹಿಡಿದು ನಿಂತಿದ್ದರು. ಅಕ್ಕ ನಡೆದದ್ದನ್ನು ಹೇಳಿದರು, ಒಂದು ಮಾತು ಹೆಚ್ಚಿಲ್ಲ, ಕಡಿಮೆಯಿಲ್ಲ. ಗುಮಾಸ್ತರು ನನ್ನ ಹಣೆಯ ಬಾವು ನೋಡಿದರು.

ಆಗಲೇ ಕ್ರೂಸರಿನ ಹಾರ್ನ್ ಕೇಳಿತು. ಟ್ರಾಕ್ಟರಿಗೆ ಹಗ್ಗ ಕಟ್ಟಿಸಿ ಎಳೆಸಿಕೊಂಡು, ತೊಗರಿ ಕಡ್ಡಿಗಳನ್ನು ಸಿಕ್ಕಿಸಿಕೊಂಡೇ ಬಂದಿದ್ದ. ಬಂದವನು ಮಕ್ಕಳ ಕಾಲಿನ ಹತ್ತಿರವೇ ನಿಲ್ಲಿಸಿ ಬಾಗಿಲು ತೆಗೆದ.

“ಹತ್ರಿ ಹತ್ರಿ, ಜಲ್ದಿ. ಟೈಮ್ ಆಗ್ಯದ.”

ಮಕ್ಕಳು ಅಕ್ಕನ ಮುಖ ನೋಡಿದವು. ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ, ಗಾಡಿಗೂ ಮಕ್ಕಳಿಗೂ ನಡುವೆ ಹೋಗಿ ನಿಂತರು.

“ದೂರ ನಿಂದ್ರು,” ಎಂದರು. “ಗಾಡಿ ಹಿಂದ ತಗಿ. ನಮ್ಮ ಹುಡುಗ್ರು ಮಡ್ಯಾಗ ಅವ.”

ಅವನಿಗೆ ಅರ್ಥವಾಗಲಿಲ್ಲ. “ಏನಂದಿ ಅಕ್ಕಾ?”

“ಮಡಿ ಅಂದೆ. ನಮ್ಮ ಆಯಿ ಈ ಮಾತ ಕೇಳಿ ಹೊಲ್ದಾಗ ಇಳಿದು ನಿಂದರ್ತಿದ್ಳು. ಇವತ್ತ ನಾ ಅನ್ಲಿಕತ್ತೀನಿ, ನೀ ಇಳಿದು ನಿಂದ್ರು. ಹ್ಯಾಂಗೂ ಹೊಲದ ಹಾದಿ ನಿನಗ ಗೊತ್ತದ.”

ತಾಯಂದಿರಲ್ಲಿ ಯಾರೋ ಕಿಸಕ್ಕನೆ ನಕ್ಕರು, ಆಮೇಲೆ ಮಕ್ಕಳೆಲ್ಲ ಸೇರಿ “ಮಡಿ, ಮಡಿ” ಎಂದು ಶುರುಮಾಡಿದವು. ಅಕ್ಕನೂ ನಕ್ಕರು. ಆ ಮಾತಿಗೆ ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ನನ್ನ ಕಣ್ಣು ತುಂಬಿ ಬಂತು, ಮುಚ್ಚಿಡುವುದೇನು. ಕ್ರೂಸರಿನವನು ತಲೆ ಕೆರೆದುಕೊಂಡು, ಗಾಡಿ ಹಿಂದಕ್ಕೆ ತೆಗೆದ.

ನಾನು ಕಾರ್ಯದರ್ಶಿಗಳಿಗೆ ಫೋನು ಹಚ್ಚಿದೆ. ಮಕ್ಕಳು ಹತ್ತಲಿಲ್ಲ, ಬಸ್ಸು ಕಳಿಸಿ ಎಂದೆ. ಅವರು ದನಿ ಏರಿಸಿದರು. ನಾನೂ ಏರಿಸಿದೆ. ಗುಮಾಸ್ತರು ಕೈ ಚಾಚಿ ನನ್ನ ಫೋನು ಇಸಿದುಕೊಂಡರು.

“ಸರ್, ನಿನ್ನಿ ಆಚಾರ್ರಿಗಿ ಬೈದವ್ನೇ ಮಾತಾಡ್ಲಿಕತ್ತೀನ್ರಿ,” ಎಂದರು. “ಬಸ್ ಕಳಸ್ರಿ. ಬರೂತನಕ ನಾವು ಇಲ್ಲೇ ಕುಂದರ್ತೀವಿ.”

“ಆತು, ಕಳಸ್ತೀನಿ,” ಎಂದು ಕಾರ್ಯದರ್ಶಿಗಳು ಫೋನು ಇಟ್ಟರು. ರಾವೂರ ಮಾರ್ಗದ ನಮ್ಮ ಇನ್ನೊಬ್ಬ ಚಾಲಕ ತನ್ನ ಬಸ್ಸಿನ ಮಕ್ಕಳನ್ನು ಶಾಲೆಗೆ ಬಿಟ್ಟು ಬಂದು, ನನ್ನ ಬಸ್ಸನ್ನು ತಂದ. ಅಷ್ಟರಲ್ಲಿ ಬಿಸಿಲು ಬಿದ್ದಿತ್ತು. ನಾನು ಆದರೂ ಗಾಜು ಒರೆಸಿದೆ, ದೀಪ ಒರೆಸಿದೆ, ಕನ್ನಡಿ ಒರೆಸಿದೆ. ಮಕ್ಕಳು ಕಾಯುತ್ತ ನಿಂತವು, ಯಾರೂ ಅವಸರ ಮಾಡಲಿಲ್ಲ. ಸೇತುವೆಗೆ ಮೊದಲು ತೊಗರಿಯವರು ಬಿಟ್ಟುಹೋದ ಕಲ್ಲುಗಳಿದ್ದವು. ಬಸ್ಸು ಬದಿಗೆ ನಿಲ್ಲಿಸಿ ಅವನ್ನೂ ಎತ್ತಿ ಗಟಾರಕ್ಕೆ ಹಾಕಿಯೇ ಮುಂದೆ ಬಂದೆ.

ಶಾಲೆ ಮುಟ್ಟಿದಾಗ ನಿನ್ನೆಗಿಂತಲೂ ತಡವಾಗಿತ್ತು. ಗೇಟಿನಲ್ಲಿ ಕಾರ್ಯದರ್ಶಿಗಳು ಕೈ ಕಟ್ಟಿಕೊಂಡು ನಿಂತಿದ್ದರು. ಒಮ್ಮೆ ಗೋಡೆಯ ಗಡಿಯಾರ ನೋಡಿದರು, ಒಮ್ಮೆ ನನ್ನನ್ನು ನೋಡಿದರು. ಅಕ್ಕ ಬಾಗಿಲು ತೆರೆದು ಒಂದೊಂದೇ ಮಗುವನ್ನು ಇಳಿಸತೊಡಗಿದರು. ನಾನು ಕೆಳಗಿಳಿಯಲಿಲ್ಲ. ಕಿಟಕಿಯಿಂದ ತಲೆ ಹೊರಗೆ ಹಾಕಿ ಹೇಳಿದೆ.

“ಎಲ್ಲಾರೂ ಬಂದಾರ್ರಿ. ಎಣಿಸಿಕೋರಿ.”